ಲೇಟೆಕ್‌ನಲ್ಲಿ ಡಿವೈ ಬೈ ಡಿಎಕ್ಸ್: ಹಳೇ ನೋಟ್ಸ್ ಒಂದರ ರಿಪೇರಿ

ಡಿವೈ ಬೈ ಡಿಎಕ್ಸ್ ಇರಬೇಕಾದ ಕಡೆ ಬರೀ ವೈ ಬೈ ಎಕ್ಸ್ ಅಚ್ಚಾಗಿತ್ತು. ಅದೂ ಹೋಮೋಜೀನಿಯಸ್ ಸಮೀಕರಣದ ಅಧ್ಯಾಯದಲ್ಲಿ. ಅಲ್ಲಿ ವೈ ಬೈ ಎಕ್ಸ್‌ಗೂ ತನ್ನದೇ ಅರ್ಥ ಇದೆ. ಎಡಗಡೆ ಅವಕಲನ (ಡೆರಿವೇಟಿವ್), ಅಂದರೆ ಡಿವೈ ಬೈ ಡಿಎಕ್ಸ್, ಬಲಗಡೆ ವೈ ಬೈ ಎಕ್ಸ್‌ನ ಫಂಕ್ಷನ್. ಎಡಗಡೆಯ ಎರಡು ಡಿ ಮಾಯವಾದರೂ ಸಾಲು ನೋಡಲು ಸರಿಯಾಗಿಯೇ ಕಾಣುತ್ತದೆ. ಹೊಸದಾಗಿ ಕಲಿಯುವ ಹುಡುಗಿ ಅದನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ. ಕೆಲಸ ಶುರುವಾದದ್ದು ಅಲ್ಲಿಂದ.

ಕಡತ ಒಬ್ಬರು ಡಿಗ್ರಿ ಕಾಲೇಜಿನ ಗಣಿತದ ಮೇಡಂ ಅವರದ್ದು. ಕಲನಶಾಸ್ತ್ರ ಮತ್ತು ಡಿಫರೆನ್ಷಿಯಲ್ ಸಮೀಕರಣಗಳ ನೋಟ್ಸ್. ವರ್ಷಗಳ ಕಾಲ ಬೇರೆ ಬೇರೆ ವಿದ್ಯಾರ್ಥಿಗಳು, ಕಮಾಂಡ್ ಬರೆದು ಗಣಿತವನ್ನು ಅಚ್ಚುಕಟ್ಟಾಗಿ ಅಚ್ಚು ಮಾಡಿಸುವ ಲೇಟೆಕ್ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಈಗ ಮೇಡಂ ಇಂಗ್ಲಿಷ್ ವಿವರಣೆ ತೆಗೆದು ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದರು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಸೂತ್ರಕ್ಕಿಂತ ಅದರ ಸುತ್ತಲಿನ ಇಂಗ್ಲಿಷ್ ವಾಕ್ಯಗಳಲ್ಲೇ ಜಾಸ್ತಿ ಸಿಕ್ಕಿಬೀಳುತ್ತಾರೆ ಎಂಬುದು ಅವರ ಅನುಭವ. ಲೇಟೆಕ್ ಕಡತದಿಂದ ಪಿಡಿಎಫ್ ಮಾಡುವ ಪ್ರೋಗ್ರಾಂ ಒಂದಕ್ಕಿಂತ ಹೆಚ್ಚಿವೆ. ಕನ್ನಡ ಬರಬೇಕು ಅಂದರೆ ಕಡತವನ್ನು ಅವುಗಳಲ್ಲಿ ಪಿಡಿಎಫ್‌ಲೇಟೆಕ್‌ನಿಂದ ಝೀಲೇಟೆಕ್‌ಗೆ ತರಬೇಕಿತ್ತು. ತಂದೆವು. ಡಿ ಹೋಯಿತು.

ಓದುವವರಿಗೆ ಒಂದು ಸೂಚನೆ. ಲೇಟೆಕ್‌ನ ಮೂಲ ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. \ಫ್ರ್ಯಾಕ್ (ಭಿನ್ನರಾಶಿ ಬರೆಯುವ ಕಮಾಂಡ್) ಅಂತ ಕಂಡರೆ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಆದರೆ \ಅವಕಲನ, \ಭಅವಕಲನ, \ಡ, \ಸಲ ಎಂಬ ನಾಲ್ಕು ಹೆಸರು ನಿಜವಾಗಿ ಕನ್ನಡದಲ್ಲೇ ಇವೆ. ಅದರ ಕಥೆ ಮುಂದೆ ಬರುತ್ತದೆ.

ಡಿ ಎಲ್ಲಿ ಹೋಯಿತು

ಎಲ್ಲ ಡಿಗಳೂ ಹೋಗಿರಲಿಲ್ಲ. ವಾಲಿದ ಡಿಗಳು ಉಳಿದಿದ್ದವು, ನೆಟ್ಟಗೆ ನಿಂತ ಡಿಗಳು ಮಾತ್ರ ಇರಲಿಲ್ಲ. ಸೈನ್, ಕಾಸ್, ಲಾಗ್ ಕೂಡ ಅಳಿಸಿಹೋಗಿದ್ದವು. ಇಷ್ಟು ಸುಳಿವು ಸಾಕು. ನೆಟ್ಟಗಿನ ಅಕ್ಷರ ಬರುವುದು \ಮ್ಯಾಥ್‌ಆರ್‌ಎಂ ಮೂಲಕ. ಕನ್ನಡ ಫಾಂಟ್ ಹಾಕಲು ನಾವು ಬಳಸುವ ಫಾಂಟ್‌ಸ್ಪೆಕ್ ಪ್ಯಾಕೇಜ್, ಗಣಿತದ ನೆಟ್ಟಗಿನ ಅಕ್ಷರಗಳನ್ನೂ ಪುಸ್ತಕದ ಮುಖ್ಯ ಫಾಂಟಿಗೇ ಕಟ್ಟಿಬಿಡುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಅದು ಒಳ್ಳೆಯದೇ, ಪಠ್ಯಕ್ಕೂ ಸೂತ್ರಕ್ಕೂ ಹೊಂದಾಣಿಕೆ ಬರುತ್ತದೆ. ನಮ್ಮ ಮುಖ್ಯ ಫಾಂಟಿನಲ್ಲಿ ಕನ್ನಡ ಇತ್ತು, ಅಂಕಿಗಳಿದ್ದವು, ಇಂಗ್ಲಿಷ್ ಅಕ್ಷರ ಇರಲಿಲ್ಲ. ಇಲ್ಲದ ಅಕ್ಷರವನ್ನು ಕೇಳಿದರೆ, ಲೇಟೆಕ್‌ನ ಒಳಗೆ ಅಚ್ಚಿನ ಕೆಲಸ ಮಾಡುವ ಟೆಕ್ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಲಾಗ್ ಕಡತದಲ್ಲಿ ‘ಮಿಸ್ಸಿಂಗ್ ಕ್ಯಾರೆಕ್ಟರ್’ ಎಂದು ಬರೆದಿಟ್ಟಿರುತ್ತದೆ, ಆದರೆ ಕೆಲಸ ನಿಲ್ಲಿಸುವುದಿಲ್ಲ.

ಪರಿಹಾರ ಸಣ್ಣದು. ಫಾಂಟ್‌ಸ್ಪೆಕ್ ಕರೆಯುವಾಗ ‘ನೋ-ಮ್ಯಾಥ್’ ಆಯ್ಕೆ ಕೊಟ್ಟರೆ ಅದು ಗಣಿತದ ಫಾಂಟನ್ನು ಮುಟ್ಟುವುದಿಲ್ಲ. ಡಿ ವಾಪಸ್ ಬಂತು, ಸೈನ್ ಬಂತು. ಇದರ ಜೊತೆಗೆ ಇನ್ನೊಂದು ಸಾಲು ಸೇರಿಸಿದೆ: \ಟ್ರೇಸಿಂಗ್‌ಲಾಸ್ಟ್‌ಚಾರ್ಸ್ ಬೆಲೆ 3. ಟೆಕ್ ಲೈವ್ ಎಂಬ ಟೆಕ್ ಸಂಗ್ರಹದ ಈಚಿನ ಆವೃತ್ತಿಗಳಲ್ಲಿ ಹೀಗೆ ಇಟ್ಟರೆ ಕಾಣೆಯಾದ ಅಕ್ಷರ ಬರೀ ಲಾಗ್‌ನ ಸಾಲಾಗಿ ಉಳಿಯದೆ, ದೋಷ ಅಂತಲೇ ಎದ್ದು ನಿಲ್ಲುತ್ತದೆ. ಕನ್ನಡ ಮತ್ತು ಗಣಿತ ಎರಡೂ ಇರುವ ಯಾವ ಕಡತದಲ್ಲೂ ಈ ಸಾಲು ಇರಲೇಬೇಕು ಅಂತ ನನ್ನ ಅಭಿಪ್ರಾಯ.

ಆ ಸಾಲು ಕೂಡಲೇ ಉಪಯೋಗಕ್ಕೆ ಬಂತು. ಅವಕಲನವನ್ನು ವೈ ತಲೆಯ ಮೇಲೆ ಗೆರೆಯೊಂದನ್ನು ಇಟ್ಟು ವೈ ಪ್ರೈಮ್ ಅಂತಲೂ ಬರೆಯುತ್ತಾರೆ. ಹಲವು ಕಡೆ ಆ ಪ್ರೈಮ್ ಗುರುತೇ ಇರಲಿಲ್ಲ. ಯಾರೋ ವರ್ಡ್‌ನಿಂದ ಅಂಟಿಸಿದ್ದರು. ವರ್ಡ್ ನೇರ ಕೋಟ್ ಗುರುತನ್ನು ಬಾಗಿದ ಕೋಟ್ ಮಾಡುತ್ತದೆ ಅಲ್ವಾ, ಆ ಬಾಗಿದ ಗುರುತು ಗಣಿತದ ಹಳೇ ಫಾಂಟಿನಲ್ಲಿ ಇಲ್ಲ. ಟೆಕ್‌ಗೆ ಪ್ರೈಮ್ ಅಂದರೆ ಕೀಬೋರ್ಡಿನ ನೇರ ಕೋಟ್ ಮಾತ್ರ. ಹಾಗಾಗಿ ‘ವೈ ಪ್ರೈಮ್ ಸಮ ವೈ’ ಎಂಬ ಸಮೀಕರಣ ‘ವೈ ಸಮ ವೈ’ ಆಗಿತ್ತು. ಇವನ್ನೆಲ್ಲ ಹುಡುಕಿ ನೇರ ಮಾಡಿದೆ.

ನಿಜವಾದ ರೋಗ

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹುಡುಕುವಾಗ ಕಡತದ ಒಳಗೆ ಏನಿದೆ ಅಂತ ಪೂರ್ತಿ ಕಂಡಿತು. ಅವಕಲನವನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರು. ಒಬ್ಬರು \ಫ್ರ್ಯಾಕ್ ಒಳಗೆ ಸುಮ್ನೆ ಡಿವೈ, ಡಿಎಕ್ಸ್. ಇನ್ನೊಬ್ಬರು ಪ್ರತಿ ಡಿಗೂ \ಮ್ಯಾಥ್‌ಆರ್‌ಎಂ. ಮತ್ತೊಬ್ಬರು ಹಳೆಯ \ಆರ್‌ಎಂ. ಪ್ರೈಮ್ ಬದಲು ಮೇಲೆ ಸಣ್ಣ 1 ಹಾಕಿದವರೂ ಇದ್ದರು. ಅದು ಕೈಬರಹದಲ್ಲಿ ಪ್ರೈಮ್ ಥರ ಕಾಣುತ್ತದೆ, ಅಚ್ಚಿನಲ್ಲಿ ಘಾತ ಒಂದು ಅಂತ ಓದಿಸಿಕೊಳ್ಳುತ್ತದೆ. ಇನ್ನೊಬ್ಬರು ಒಂದಕ್ಷರದ ಕಮಾಂಡ್ ಮಾಡಿಕೊಂಡಿದ್ದರು: \ಡಿ.

ಈ \ಡಿ ವಿಷಯ ಸ್ವಲ್ಪ ಹೇಳಲೇಬೇಕು. ಆ ಹೆಸರು ಲೇಟೆಕ್‌ನಲ್ಲಿ ಮೊದಲೇ ಇದೆ. ಅಕ್ಷರದ ಕೆಳಗೆ ಚುಕ್ಕೆ ಇಡುವ ಕೆಲಸ ಅದರದ್ದು. ಇಂಗ್ಲಿಷ್ ಬರೆಯುವವರಿಗೆ ಅದು ಬೇಕಾಗುವುದೇ ಅಪರೂಪ. ಕನ್ನಡದ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ನಮಗೆ ಅದು ದಿನದ ಪದಾರ್ಥ. ಟ, ಡ, ಣ, ಳ, ಷ ಎಲ್ಲಕ್ಕೂ ಕೆಳಗೆ ಚುಕ್ಕೆ ಬೇಕು. ನೋಟ್ಸ್‌ನ ಕೊನೆಯಲ್ಲಿ ಕನ್ನಡ ಗಣಿತ ಪುಸ್ತಕಗಳ ಪಟ್ಟಿ ರೋಮನ್ ಲಿಪಿಯಲ್ಲಿತ್ತು. \ಡಿಯ ಅರ್ಥ ಬದಲಾದ ಮೇಲೆ ‘ಗಣಿತ’ದ ಣ ಚುಕ್ಕೆ ಕಳೆದುಕೊಂಡು, ಅದರ ಮುಂದೆ ಒಂದು ಡಿ ಬಂದು ಕೂತಿತ್ತು. ‘ಗದ್ನಿತ’ ಅಂತ ಓದಬೇಕು. ಬೇಕಾದಾಗ ತಾನೇ ಗಣಿತದ ರೂಪಕ್ಕೆ ಹೋಗುವ \ಎನ್ಶೂರ್‌ಮ್ಯಾಥ್ ಸುತ್ತಿದ್ದರಿಂದ ಟೆಕ್ ಯಾವ ದೋಷವನ್ನೂ ತೋರಿಸಿರಲಿಲ್ಲ. ಆ ಮರುವ್ಯಾಖ್ಯೆ ತೆಗೆದುಹಾಕಿದೆ, ಪಟ್ಟಿ ತಾನಾಗಿ ಸರಿಹೋಯಿತು.

ಇಷ್ಟನ್ನೂ ನೋಡಿದ ಮೇಲೆ ತೀರ್ಮಾನ ಮಾಡಿದೆ. ಮೂಲದಲ್ಲಿ ಬರೆಯಬೇಕಾದದ್ದು ‘ಎಕ್ಸ್‌ಗೆ ಸಂಬಂಧಿಸಿ ವೈನ ಅವಕಲನ’ ಎಂಬ ಮಾತು. ಅದು ಗೆರೆಯ ಮೇಲೆ ಕೆಳಗೆ ಕೂರಬೇಕೋ, ಓರೆಗೆರೆಯಲ್ಲಿ ಬರಬೇಕೋ, ಡಿ ವಾಲಬೇಕೋ ನಿಲ್ಲಬೇಕೋ ಎಂಬುದು ಒಂದೇ ಜಾಗದಲ್ಲಿ ನಿರ್ಧಾರವಾಗಬೇಕು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಟೆಕ್ ಮೇಲೆ ಲೇಟೆಕ್ ಕಟ್ಟಿದ್ದೇ ಈ ನಂಬಿಕೆಯ ಮೇಲೆ. ಅಧ್ಯಾಯ, ಪ್ರಮೇಯ, ಪಟ್ಟಿ ಎಲ್ಲಕ್ಕೂ ಲೇಟೆಕ್ ಅರ್ಥದ ಹೆಸರು ಕೊಟ್ಟಿದೆ. ಅವಕಲನಕ್ಕೆ ಮಾತ್ರ ಕೊಟ್ಟಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಸಿದ್ಧ ಪ್ಯಾಕೇಜ್ ಯಾಕೆ ಬೇಡ ಅಂದೆ

ಡಿಫ್‌ಕೋಎಫ್, ಡೆರಿವೇಟಿವ್ ಎಂಬ ಒಳ್ಳೆಯ ಪ್ಯಾಕೇಜ್‌ಗಳಿವೆ. ಭಾಗಶಃ ಅವಕಲನದಲ್ಲಿ (ಹಲವು ಚಲಾಕ್ಷರಗಳಿರುವಾಗ ಒಂದೊಂದಕ್ಕೇ ಮಾಡುವ ಅವಕಲನ) ಒಟ್ಟು ಎಷ್ಟನೇ ಕ್ರಮ ಎಂದು ತಾವೇ ಕೂಡಿ ಹಾಕುತ್ತವೆ. ಬಹಳ ಜನ ಬಳಸುವುದು ಫಿಸಿಕ್ಸ್ ಪ್ಯಾಕೇಜ್. ಅದು ಬೇಡ ಅನ್ನಿಸಿತು. ಅದು ಭಾಗಾಕಾರದ ಗುರುತಿನ \ಡಿವ್ ಅನ್ನು ಡೈವರ್ಜೆನ್ಸ್ ಎಂಬ ಬೇರೆಯೇ ಗಣಿತದ ಕ್ರಿಯೆಗೆ ಎತ್ತಿಕೊಳ್ಳುತ್ತದೆ. ಏಕಮಾನ ಬರೆಯುವ ಎಸ್‌ಐಯೂನಿಟ್‌ಎಕ್ಸ್ ಜೊತೆ \ಕ್ಯೂಟಿವೈ ಎಂಬ ಹೆಸರಿಗೆ ಜಗಳ ಬೇರೆ. ಈಗತಾನೇ \ಡಿಯ ಗಲಾಟೆ ನೋಡಿದವರಿಗೆ ಹೆಸರು ಕಸಿಯುವ ಪ್ಯಾಕೇಜ್ ಹಿಡಿಸುವುದಿಲ್ಲ. ನಮಗೆ ಬೇಕಿದ್ದದ್ದು ಕೆಲವೇ ಸಾಲಿನ ಕೆಲಸ. ಮುಂದೆ ಈ ಕಡತ ಹಿಡಿಯುವ ವಿದ್ಯಾರ್ಥಿ ಆ ಸಾಲುಗಳನ್ನು ಓದಿ ಅರ್ಥಮಾಡಿಕೊಳ್ಳುವಂತಿರಬೇಕು.

ಹೆಸರುಗಳನ್ನು ಕನ್ನಡದಲ್ಲೇ ಇಟ್ಟೆ. ಝೀಲೇಟೆಕ್‌ಗೂ ಅದರಂಥದ್ದೇ ಆದ ಲುವಾಲೇಟೆಕ್‌ಗೂ ಕನ್ನಡದ ಅ, ವ, ಕ, ಲ, ನ ಎಲ್ಲವೂ ಅಕ್ಷರಗಳೇ. ಹಾಗಾಗಿ \ಅವಕಲನ ಎಂಬ ಕಮಾಂಡ್ ಏನೂ ತಕರಾರಿಲ್ಲದೆ ನಡೆಯುತ್ತದೆ. ಡಿಫರೆನ್ಷಿಯಲ್‌ನ ಡಿಗೆ \ಡ. ಈ ಹೆಸರನ್ನು ಯಾರೂ ಮೊದಲೇ ಹಿಡಿದಿಟ್ಟಿಲ್ಲ. ಹೆಸರಿನಲ್ಲಿ ಒತ್ತಕ್ಷರ, ಗುಣಿತಾಕ್ಷರ ಬಾರದ ಹಾಗೆ ನೋಡಿಕೊಂಡೆ. ಕನ್ನಡ ಕೀಬೋರ್ಡ್‌ಗಳು ಕೆಲವು ಸಲ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಗುರುತನ್ನು ಸೇರಿಸುತ್ತವೆ. ಅದು ಹೆಸರಿನ ಮಧ್ಯೆ ನುಗ್ಗಿದರೆ ಟೆಕ್‌ಗೆ ಅದು ನಾವು ಕೊಟ್ಟ ಹೆಸರೇ ಅಲ್ಲ. ಬಿಡಿ ಅಕ್ಷರಗಳ ಹೆಸರಿನಲ್ಲಿ ಆ ಭಯ ಇಲ್ಲ.

ಡಿ ನಿಲ್ಲಬೇಕೋ ವಾಲಬೇಕೋ

ಡಿ ಗುರುತು ಗಣಿತಜ್ಞ ಲೈಬ್ನಿಟ್ಸ್‌ನದ್ದು. 1684ರಲ್ಲಿ ಅವನು ಅದನ್ನು ಅಚ್ಚಿನಲ್ಲಿ ಪ್ರಕಟಿಸಿದ. ಅದನ್ನು ಹೇಗೆ ಅಚ್ಚು ಮಾಡಬೇಕು ಎಂಬ ವಾದ ಇವತ್ತಿಗೂ ಇದೆ. ಐಎಸ್‌ಒ 80000 ಎಂಬ ಅಂತರರಾಷ್ಟ್ರೀಯ ಮಾನದಂಡದ 2ನೇ ಭಾಗ ನೆಟ್ಟಗಿನ ಡಿ ಎನ್ನುತ್ತದೆ. ಅಮೆರಿಕದ ಗಣಿತ ಪ್ರಕಟಣೆಗಳಲ್ಲಿ ವಾಲಿದ ಡಿ ಜಾಸ್ತಿ. ಟೆಕ್ ಮಾಡಿದ ಡೊನಾಲ್ಡ್ ಕನೂತ್ ಬಳಸುವುದೂ ವಾಲಿದ್ದನ್ನೇ. ಎರಡರಲ್ಲೂ ತಪ್ಪಿಲ್ಲ. ನಾನು ನೆಟ್ಟಗಿನದನ್ನು ಆರಿಸಿದೆ. ಕಾರಣ ಈ ನೋಟ್ಸ್ ಓದುವವರು. ಎ, ಬಿ, ಸಿ, ಡಿ ಎಂಬ ಸ್ಥಿರಾಂಕಗಳೂ ಇದೇ ಪುಟಗಳಲ್ಲಿವೆ, ಅವೆಲ್ಲ ವಾಲಿವೆ. ಮೇಲಿನ ಡಿ ಕೆಳಗಿನ ಡಿ ಹೊಡೆದುಹಾಕಬಹುದೇ ಅಂತ ಕೇಳುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ ಎಂದು ಮೇಡಂ ಹೇಳಿದರು. ನಿಂತ ಡಿ ಕಣ್ಣಿಗೇ ಬೇರೆ ಜಾತಿಯದ್ದು ಅಂತ ಕಂಡರೆ ಅಷ್ಟು ಒಳ್ಳೆಯದು.

ಆಕಾರಕ್ಕಿಂತ ಕಷ್ಟದ್ದು ಡಿಯ ಅಕ್ಕಪಕ್ಕದ ಜಾಗ. ಇಂಟಿಗ್ರಲ್‌ನಲ್ಲಿ ಎಫ್ ಎಕ್ಸ್ ಆದಮೇಲೆ ಡಿಎಕ್ಸ್‌ಗೆ ಮುಂಚೆ ಚೂರು ಜಾಗ ಬೇಕು. ಡಿಗೂ ಎಕ್ಸ್‌ಗೂ ಮಧ್ಯೆ ಜಾಗ ಇರಬಾರದು. ಸಾಮಾನ್ಯವಾಗಿ ಜನ ಬ್ಯಾಕ್‌ಸ್ಲ್ಯಾಶ್ ಅಲ್ಪವಿರಾಮ ಹಾಕಿ ಕೈಯಲ್ಲೇ ಜಾಗ ಬಿಡುತ್ತಾರೆ. ಎಷ್ಟೋ ಕಡೆ ಮರೆಯುತ್ತಾರೆ. ಟೆಕ್‌ಗೆ ಇದನ್ನು ಕಲಿಸಬಹುದು. ಟೆಕ್ ಗಣಿತದ ಪ್ರತಿ ತುಂಡನ್ನೂ ಒಂದು ವರ್ಗಕ್ಕೆ ಸೇರಿಸುತ್ತದೆ: ಸಾಮಾನ್ಯ ಅಕ್ಷರ, ಆಪರೇಟರ್, ಕೂಡು-ಕಳೆಯಂಥ ಗುರುತು, ಸಮ ಚಿಹ್ನೆಯಂಥ ಗುರುತು, ತೆರೆಯುವ ಆವರಣ, ಮುಚ್ಚುವ ಆವರಣ ಹೀಗೆ. ಯಾವ ವರ್ಗದ ಪಕ್ಕ ಯಾವುದು ಬಂದರೆ ಎಷ್ಟು ಜಾಗ ಎಂಬ ಕೋಷ್ಟಕ ಅದರ ಒಳಗಿದೆ. ಸಾಮಾನ್ಯ ಅಕ್ಷರದ ಪಕ್ಕ ಆಪರೇಟರ್ ಬಂದರೆ ತೆಳು ಜಾಗ, ಅಂದರೆ 3 ಮ್ಯೂ. ಮ್ಯೂ ಎಂಬುದು ಗಣಿತದ ಜಾಗದ ಅಳತೆ, 18 ಮ್ಯೂ ಸೇರಿದರೆ ಫಾಂಟಿನ ಒಂದು ಎಂ ಅಗಲ. ತೆರೆಯುವ ಆವರಣದ ಪಕ್ಕ ಆಪರೇಟರ್ ಬಂದರೆ ಜಾಗವೇ ಇಲ್ಲ.

ಹಾಗಾಗಿ \ಡ ಒಳಗೆ ಮೂರು ತುಂಡು ಇಟ್ಟೆ. ಮೊದಲು ಏನೂ ಇಲ್ಲದ ಖಾಲಿ \ಮ್ಯಾಥ್‌ಆಪ್. ಆಮೇಲೆ ಬ್ಯಾಕ್‌ಸ್ಲ್ಯಾಶ್ ಆಶ್ಚರ್ಯಸೂಚಕ, ಅಂದರೆ 3 ಮ್ಯೂ ಹಿಂದಕ್ಕೆ. ಕೊನೆಗೆ \ಮ್ಯಾಥ್‌ಆರ್‌ಎಂ ಒಳಗೆ ಡಿ. ಖಾಲಿ ಆಪರೇಟರ್ ತನ್ನ ಎಡಕ್ಕೆ ಜಾಗ ಮಾಡಿಕೊಳ್ಳುತ್ತದೆ. ಬಲಕ್ಕೆ ಮಾಡಿಕೊಂಡ ಜಾಗವನ್ನು ಹಿಂದಕ್ಕೆ ಸರಿಯುವ ತುಂಡು ತಿಂದುಹಾಕುತ್ತದೆ. ಈಗ ಡಿಎಕ್ಸ್ ಡಿವೈ ಅಂತ ಒಟ್ಟಿಗೆ ಬಂದರೂ ಮಧ್ಯದ ಜಾಗ ತಾನೇ ಬರುತ್ತದೆ. ಆವರಣದ ಒಳಗೆ ಮೊದಲಿಗೆ ಬಂದರೆ ಜಾಗ ಬರುವುದಿಲ್ಲ. ಭಿನ್ನರಾಶಿಯ ಮೇಲ್ಭಾಗದಲ್ಲೂ ಹಾಗೇ. ಮೂಲದಲ್ಲಿದ್ದ ಕೈಯಲ್ಲಿ ಬಿಟ್ಟ ಜಾಗಗಳನ್ನೆಲ್ಲ ಕಿತ್ತೆ.

ಒಂದೇ ಕಡೆ ಇದು ಎಡವಟ್ಟು ಮಾಡುತ್ತದೆ. ಸಾಲಿನ ಮಧ್ಯೆ ಡಿವೈ ಓರೆಗೆರೆ ಡಿಎಕ್ಸ್ ಅಂತ ಬರೆದರೆ, ಓರೆಗೆರೆಯೂ ಟೆಕ್‌ನ ಲೆಕ್ಕದಲ್ಲಿ ಸಾಮಾನ್ಯ ಅಕ್ಷರ. ಅದರ ಪಕ್ಕ ಆಪರೇಟರ್ ಬಂತು ಅಂತ ಡಿಎಕ್ಸ್‌ನ ಮುಂದೆ ಜಾಗ ಬಿಡುತ್ತದೆ. ನೋಡಲು ಕೆಟ್ಟದಾಗಿರುತ್ತದೆ. ಡಿಎಕ್ಸ್ ಅನ್ನು ಇನ್ನೊಂದು ಜೋಡಿ ಪುಷ್ಪಾವರಣದಲ್ಲಿ ಸುತ್ತಿದರೆ ಸಾಕು. ಹೊರಗಿನಿಂದ ಅದು ಒಂದೇ ಸಾಮಾನ್ಯ ತುಂಡು, ಒಳಗೆ ಡಿ ಮೊದಲನೆಯದು.

ಒತ್ತಕ್ಷರದ ಕೆಳಗೆ ಭಿನ್ನರಾಶಿ

ಓರೆಗೆರೆಯ ರೂಪ ನಮಗೆ ಇಂಗ್ಲಿಷಿನವರಿಗಿಂತ ಜಾಸ್ತಿ ಬೇಕು. ವಾಕ್ಯದ ಮಧ್ಯೆ \ಫ್ರ್ಯಾಕ್ ಹಾಕಿದರೆ ಟೆಕ್ ಅದನ್ನು ಚಿಕ್ಕದು ಮಾಡುತ್ತದೆ, ಆದರೂ ಅದು ಸಾಲಿನ ಎತ್ತರ ಮೀರುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನಿಂದ ಒತ್ತಕ್ಷರಗಳು ಕೆಳಗೆ ಇಳಿದಿರುತ್ತವೆ. ‘ಕಲನಶಾಸ್ತ್ರ’ದ ಸ್ತ್ರ ಇದ್ದರಂತೂ ಎರಡು ಒತ್ತು. ಎರಡು ಸಾಲು ತಾಗುವ ಹಾಗಾದರೆ ಟೆಕ್ ಕೆಳಗಿನ ಸಾಲನ್ನು ದೂರ ತಳ್ಳುತ್ತದೆ. ಹಾಗಾಗಿ ಪ್ಯಾರಾದಲ್ಲಿ ಒಂದು ಸಾಲು ಹತ್ತಿರ, ಒಂದು ಸಾಲು ದೂರ. ಓದುವ ಕಣ್ಣು ಎಡವುತ್ತದೆ.

ಅದಕ್ಕೆ \ಅವಕಲನಕ್ಕೆ ಎರಡು ರೂಪ ಕೊಟ್ಟೆ. ಸುಮ್ನೆ ಬರೆದರೆ ಗೆರೆಯ ಮೇಲೆ ಕೆಳಗೆ. ನಕ್ಷತ್ರ ಸೇರಿಸಿದರೆ ಓರೆಗೆರೆ. ಚೌಕ ಆವರಣದಲ್ಲಿ ಕ್ರಮ ಕೊಡಬಹುದು. 2 ಎಂದು ಕೊಟ್ಟರೆ ಮೇಲೆ ಡಿಯ ತಲೆಗೆ, ಕೆಳಗೆ ಎಕ್ಸ್‌ನ ತಲೆಗೆ 2 ಹೋಗುತ್ತದೆ. ಇದೆಲ್ಲ \ನ್ಯೂಡಾಕ್ಯುಮೆಂಟ್‌ಕಮಾಂಡ್ ಒಂದರಲ್ಲೇ ಆಗುತ್ತದೆ. 2020ರ ಅಕ್ಟೋಬರ್‌ನಿಂದ ಅದು ಲೇಟೆಕ್‌ನ ಒಳಗೇ ಇದೆ, ಬೇರೆ ಪ್ಯಾಕೇಜ್ ಬೇಡ. ಸಾಲುಗಳ ಅಂತರವನ್ನೂ ಸ್ವಲ್ಪ ಏರಿಸಿದೆ.

ಭಾಗಶಃ ಅವಕಲನಕ್ಕೆ ಮುಂದೆ ಒಂದು ಭ ಸೇರಿಸಿ \ಭಅವಕಲನ. ∂ ಗುರುತುಗಳ ಜೋಡಿಯ ಮಧ್ಯೆ ತೆಳು ಜಾಗ ಇಟ್ಟೆ. ಇಲ್ಲಿ ಒಂದು ಎಚ್ಚರಿಕೆ: ಚಲಾಕ್ಷರಗಳನ್ನು ಕೊಟ್ಟ ಅನುಕ್ರಮದಲ್ಲೇ ಅಚ್ಚು ಮಾಡಬೇಕು, ಅಂದಕ್ಕೆ ಅಂತ ಮ್ಯಾಕ್ರೋ (ನಾವೇ ಮಾಡಿಕೊಂಡ ಕಮಾಂಡ್) ಅದಲುಬದಲು ಮಾಡಬಾರದು. ನೋಟ್ಸ್‌ನಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. ಎಕ್ಸ್ ಗುಣಿಸು ವೈ, ಅದಕ್ಕೆ ಎಕ್ಸ್ ವರ್ಗ ಕಳೆ ವೈ ವರ್ಗ ಗುಣಿಸಿ, ಎಕ್ಸ್ ವರ್ಗ ಕೂಡು ವೈ ವರ್ಗದಿಂದ ಭಾಗಿಸಿದ್ದು. ಮೂಲಬಿಂದುವಿನಲ್ಲಿ ಬೆಲೆ ಸೊನ್ನೆ. ಅಲ್ಲಿ ಮೊದಲು ಎಕ್ಸ್‌ಗೆ, ಆಮೇಲೆ ವೈಗೆ ಅವಕಲಿಸಿದರೆ -1. ಮೊದಲು ವೈಗೆ, ಆಮೇಲೆ ಎಕ್ಸ್‌ಗೆ ಅಂದರೆ +1. ಅನುಕ್ರಮವೇ ಆ ಉದಾಹರಣೆಯ ಜೀವ. ಸಾಲದ್ದಕ್ಕೆ ಕೆಳಗೆ ಚಿಕ್ಕದಾಗಿ ಎಕ್ಸ್‌ವೈ ಬರೆಯುವ ಪದ್ಧತಿಯಲ್ಲಿ ಎಡದಿಂದ ಬಲಕ್ಕೆ ಓದಬೇಕು, ∂ ಪದ್ಧತಿಯಲ್ಲಿ ಬಲದಿಂದ ಎಡಕ್ಕೆ. ಹಳೇ ಕಡತದಲ್ಲಿ ಈ ಎರಡು ಪದ್ಧತಿ ಒಂದೇ ಪುಟದಲ್ಲಿ ತಿರುವುಮುರುವಾಗಿ ಬೆರೆತಿದ್ದವು. ಮೇಡಂ ಪಕ್ಕದಲ್ಲಿ ಕೂತು ಒಂದೊಂದನ್ನೂ ಸರಿಮಾಡಿಸಿದರು.

ವೈ ಒಂದು ಅಂದರೆ ಯಾವುದು

ನಮ್ಮ ಕಡೆ ಅವಕಲನವನ್ನು ಮತ್ತೆ ಮತ್ತೆ ಮಾಡುವ ಅಧ್ಯಾಯದಲ್ಲಿ ವೈ ಕೆಳಗೆ 1, 2, ಎನ್ ಬರೆಯುವುದು ರೂಢಿ. ಲೈಬ್ನಿಟ್ಸ್ ಪ್ರಮೇಯ ಹೀಗೇ ಪಾಠವಾಗುತ್ತದೆ, ಪ್ರಶ್ನೆಪತ್ರಿಕೆಯಲ್ಲೂ ಹೀಗೇ ಬರುತ್ತದೆ. ಮುಂದಿನ ಅಧ್ಯಾಯದಲ್ಲಿ ಎರಡನೇ ಕ್ರಮದ ಸಮೀಕರಣ. ಅಲ್ಲಿ ವೈ ಕೆಳಗೆ 1, ವೈ ಕೆಳಗೆ 2 ಅಂದರೆ ಎರಡು ಬೇರೆ ಪರಿಹಾರಗಳು. ಆ ಪರಿಹಾರಗಳು ಒಂದನ್ನೊಂದು ಅವಲಂಬಿಸಿವೆಯೇ ಎಂದು ನೋಡುವ ರಾನ್‌ಸ್ಕಿಯನ್‌ನಲ್ಲಿ ಆ ಎರಡಕ್ಕೂ ಪ್ರೈಮ್ ಬೇರೆ ಬರುತ್ತದೆ. ಒಂದೇ ಗುರುತಿಗೆ ಎರಡು ಅರ್ಥ, ಅದೂ ಪಕ್ಕಪಕ್ಕದ ಅಧ್ಯಾಯಗಳಲ್ಲಿ.

ಹುಡುಕಿ-ಬದಲಿಸು ಇಲ್ಲಿ ಕೈಕೊಡುತ್ತದೆ. ಕಂಪ್ಯೂಟರಿಗೆ ಎರಡೂ ಒಂದೇ. ಪ್ರತಿಯೊಂದನ್ನೂ ಓದಿಯೇ ತೀರ್ಮಾನಿಸಬೇಕು. ಅವಕಲನದ ಅರ್ಥ ಇರುವ ಕಡೆಯೆಲ್ಲ \ಸಲ ಎಂಬ ಕಮಾಂಡ್ ಹಾಕುತ್ತ ಹೋದೆ. ವೈ ಎಷ್ಟು ಸಲ ಅವಕಲನಗೊಂಡಿದೆ ಎಂದು ಅದಕ್ಕೆ ಹೇಳಿದರೆ ಆಯಿತು. ಅಧ್ಯಾಯದ ತಲೆಯಲ್ಲಿ ಒಂದು ಸ್ವಿಚ್. ಮೊದಲ ಅಧ್ಯಾಯದಲ್ಲಿ ಅದು ಕೆಳಗೆ ಅಂಕಿ ಹಾಕುತ್ತದೆ. ಸಮೀಕರಣದ ಅಧ್ಯಾಯದಲ್ಲಿ ಮೂರರವರೆಗೆ ಪ್ರೈಮ್, ನಾಲ್ಕರಿಂದ ಮುಂದೆ ಆವರಣದೊಳಗೆ ಅಂಕಿ. ಆವರಣ ಇಲ್ಲದಿದ್ದರೆ ಅದು ಘಾತವಾಗಿಬಿಡುತ್ತದೆ. ಪರಿಹಾರಗಳ ವೈ ಒಂದು, ವೈ ಎರಡನ್ನು ಮುಟ್ಟಲಿಲ್ಲ.

ಪ್ರೈಮ್‌ಗೆ ಇಲ್ಲಿ ನೇರ ಕೋಟ್ ಬಳಸದೆ \ಪ್ರೈಮ್ ಅನ್ನೇ ಮೇಲಕ್ಕೆ ಏರಿಸಿದೆ. ನೇರ ಕೋಟ್ ತುಂಬ ಉದಾರಿ. ಅದರ ಮುಂದೆ ಘಾತ 2 ಬರೆದರೆ ಪ್ರೈಮ್ ಪಕ್ಕದಲ್ಲೇ 2 ಕೂರಿಸುತ್ತದೆ, ಪ್ರೈಮ್‌ಗೂ 2ಕ್ಕೂ ಮಧ್ಯೆ ಉಸಿರಾಡಲು ಜಾಗ ಇರುವುದಿಲ್ಲ. \ಪ್ರೈಮ್ ಏರಿಸಿದ ಮೇಲೆ ಘಾತ ಬರೆದರೆ ಟೆಕ್ ‘ಡಬಲ್ ಸೂಪರ್‌ಸ್ಕ್ರಿಪ್ಟ್’ ಎಂದು ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಅದೇ. ಟೈಪ್ ಮಾಡುವವರು ವೈ ಪ್ರೈಮ್ ಸುತ್ತ ಆವರಣ ಹಾಕಿ ಆಮೇಲೆ ವರ್ಗ ಹಾಕಲಿ.

ಬದಲಿಸಿದ ಕ್ರಮ

ಇದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸಿದ ಭಾಗ. ಹೊಸ ಮ್ಯಾಕ್ರೋಗೆ ಮೊದಲು ಹೊಸ ರೂಪ ಕೊಡಲಿಲ್ಲ. ಹಳೇ ರೂಪವನ್ನೇ ಕೊಟ್ಟೆ. ಅಂದರೆ ವಾಲಿದ ಡಿಯ ಭಿನ್ನರಾಶಿಗಳನ್ನು \ಅವಕಲನಕ್ಕೆ ಬದಲಿಸುವಾಗ \ಅವಕಲನ ಕೂಡ ವಾಲಿದ ಡಿಯನ್ನೇ ಅಚ್ಚು ಮಾಡುತ್ತಿತ್ತು. ಹಾಗಿದ್ದಾಗ ಬದಲಾವಣೆಗೆ ಮುಂಚಿನ ಪಿಡಿಎಫ್, ಆಮೇಲಿನ ಪಿಡಿಎಫ್ ಎರಡೂ ಒಂದೇ ಥರ ಇರಬೇಕು. ಡಿಫ್-ಪಿಡಿಎಫ್ ಎಂಬ ಉಪಕರಣ ಎರಡನ್ನೂ ಒಂದರ ಮೇಲೊಂದು ಇಟ್ಟು ವ್ಯತ್ಯಾಸ ತೋರಿಸುತ್ತದೆ. ಎಲ್ಲಾದರೂ ಬಣ್ಣ ಕಂಡರೆ ಅಲ್ಲಿ ಬದಲಿಸುವಾಗ ಏನೋ ಬಿಟ್ಟುಹೋಗಿದೆ ಎಂದರ್ಥ. ಒಂದು ಬರವಣಿಗೆಯ ಥರ ಮುಗಿದ ಮೇಲೆ ಇನ್ನೊಂದು. ನೆಟ್ಟಗಿನ ಡಿ, ಕೈಯಲ್ಲಿ ಬಿಟ್ಟ ಜಾಗ, ಹಳೆಯ \ಆರ್‌ಎಂ, ಎಲ್ಲಕ್ಕೂ ಇದೇ ದಾರಿ. ಎಲ್ಲವೂ ಮ್ಯಾಕ್ರೋ ಒಳಗೆ ಬಂದಮೇಲೆ ಮಾತ್ರ ವ್ಯಾಖ್ಯೆಯಲ್ಲಿ ರೂಪ ಬದಲಿಸಿದೆ. ಆಗ ಪುಟಗಟ್ಟಲೆ ಒಂದೇ ಸಲ ಬದಲಾದವು.

ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಸರಳ ಭಿನ್ನರಾಶಿಗಳನ್ನು ಹಿಡಿಯುತ್ತದೆ. ಮೇಲ್ಭಾಗದಲ್ಲಿ ಇನ್ನೊಂದು ಆವರಣ ಇದ್ದರೆ ತಪ್ಪಿಸಿಕೊಳ್ಳುತ್ತದೆ. ಉಳಿದವನ್ನು ಕೈಯಲ್ಲೇ ಮಾಡಿದೆ.

ಒಂದು ಬಿಂದುವಿನಲ್ಲಿ ಅವಕಲನದ ಬೆಲೆ ಎಂದು ತೋರಿಸುವ ಕಂಬಗೆರೆಗೆ ಎಡಕ್ಕೆ \ಲೆಫ್ಟ್ ಚುಕ್ಕೆ, ಬಲಕ್ಕೆ \ರೈಟ್ ಕಂಬ. ಅಷ್ಟು ಸಾಕು. ಚುಕ್ಕೆ ಅವಕಲನಗಳು, ನ್ಯೂಟನ್‌ನವು, ಲೋಲಕದ ಪಾಠದಲ್ಲಿ ಮಾತ್ರ ಇದ್ದವು. \ಡಾಟ್, \ಡಿಡಾಟ್ ಸರಿಯಾಗಿಯೇ ಕೂತಿದ್ದವು, ಹಾಗೇ ಬಿಟ್ಟೆ.

ಕೊನೆಗೆ ಉಳಿದದ್ದು ಅಧ್ಯಾಯದ ಶೀರ್ಷಿಕೆಗಳು. ಕೆಲವು ಶೀರ್ಷಿಕೆಯಲ್ಲಿ \ಅವಕಲನ ಇತ್ತು. ಪಿಡಿಎಫ್ ಪಕ್ಕದ ಬುಕ್‌ಮಾರ್ಕ್ ಪಟ್ಟಿಗೆ ಭಿನ್ನರಾಶಿ ಹೋಗುವುದಿಲ್ಲ. ಬುಕ್‌ಮಾರ್ಕ್ ಮಾಡುವ ಹೈಪರ್‌ರೆಫ್ ಪ್ಯಾಕೇಜ್ ಎಚ್ಚರಿಕೆ ಕೊಟ್ಟು ಗುರುತುಗಳನ್ನು ಬಿಟ್ಟುಬಿಡುತ್ತದೆ. \ಟೆಕ್‌ಆರ್‌ಪಿಡಿಎಫ್‌ಸ್ಟ್ರಿಂಗ್ ಹಾಕಿ, ಪುಟಕ್ಕೆ ಸೂತ್ರ, ಬುಕ್‌ಮಾರ್ಕ್‌ಗೆ ‘ವೈನ ಅವಕಲನ’ ಎಂಬ ಕನ್ನಡ ಮಾತು ಕೊಟ್ಟೆ. ಮ್ಯಾಕ್ರೋಗಳನ್ನು ಬೇರೆ ಕಡತದಲ್ಲಿಟ್ಟು, ಪ್ರತಿಯೊಂದರ ಮೇಲೂ ಅದು ಯಾಕಿದೆ ಎಂದು ಕನ್ನಡದಲ್ಲಿ ಕಾಮೆಂಟ್ ಬರೆದು ಮೇಡಂಗೆ ಕಳಿಸಿದೆ. ಅವರು ಈಗ ಅದರಲ್ಲೇ ಇಂಟಿಗ್ರಲ್ ಅಧ್ಯಾಯ ಟೈಪ್ ಮಾಡುತ್ತಿದ್ದಾರೆ.